ಕೆಂಪು ಪಾಡ್‌ಗಳು ಮೂರೇ ದಿನಕ್ಕೆ ಎಲ್ಲಿ ಮಾಯವಾಗುತ್ತವೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮನೆಯಲ್ಲಿ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್‌ನ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಟ್ಯಾಂಕ್ ಇದೆ. ಶುರು ಮಾಡಿ ಐದು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ ಮೀನು, ಒಂದಿಷ್ಟು ಮೆದು ಹವಳ ಇವೆ. ಮಗಳು ಹಟ ಹಿಡಿದಳು ಅಂತ ಆರು ವಾರದ ಹಿಂದೆ ಒಂದು ಮ್ಯಾಂಡರಿನ್ ಮೀನು ತಂದೆವು. ಅದು ಪೆಲೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕೋಪೆಪಾಡ್ ಎಂಬ ನೀರಿನ ಪುಟ್ಟ ಜೀವಂತ ಹುಳ ಬೇಕು ಅಂತ ಅಂಗಡಿಯವರು ಕೆಂಪು ಪಾಡ್‌ಗಳ ಬಾಟಲಿ ಕೊಟ್ಟರು. ಲೇಬಲ್ ಮೇಲೆ ಟಿಗ್ರಿಯೋಪಸ್ ಕ್ಯಾಲಿಫೋರ್ನಿಕಸ್ ಎಂದಿದೆ. ಎರಡು ಸಲ ಸುರಿದೆ. ಮೂರು ದಿನಕ್ಕೆ ಒಂದೂ ಕಾಣಲಿಲ್ಲ. ಬೆಚ್ಚಗಿನ ನೀರಿಗೆ ಸತ್ತುಹೋದವು ಎನ್ನುತ್ತಾರೆ ಒಬ್ಬರು, ವಾರಕ್ಕೊಂದು ಬಾಟಲಿ ಹಾಕುತ್ತಿರಿ ಎನ್ನುತ್ತಾರೆ ಇನ್ನೊಬ್ಬರು. ಇದರ ಮಧ್ಯೆ ಗಾಜಿನ ಮೇಲೆ ಬಿಳಿ ಚುಕ್ಕಿಯಂಥ ಹುಳಗಳು ಹರಿದಾಡುತ್ತಿವೆ. ವಿಜಯಪುರದಿಂದ ಬಂದಿರುವ ಅಮ್ಮ ಅವನ್ನು ನೋಡಿ, "ನಾರು ಹುಣ್ಣು ಆಗ್ತಿದ್ದದ್ದು ಇಂಥ ನೀರಿನ ಹುಳದಿಂದಲೇ, ಮಗು ಕೈ ಹಾಕೋದು ಬೇಡ" ಅನ್ನುತ್ತಿದ್ದಾರೆ. ಗಾಜಿನ ಹುಳಗಳಿಗೆ ಔಷಧಿ ಹಾಕಲಾ? ಕೆಂಪು ಪಾಡ್ ಇಲ್ಲಿಯ ಕಡಲ ಬಂಡೆಗಳ ಹೊಂಡದಲ್ಲೇ ಸಿಗುತ್ತದಂತೆ, ನಾನೇ ಹೋಗಿ ಒಂದು ಬಕೆಟ್ ತರಬಹುದಾ?

ಉತ್ತರ: ಮೊದಲು ಔಷಧಿಯ ಬಾಟಲಿ ಕೆಳಗಿಡಿ. ಉಳಿದದ್ದು ಆಮೇಲೆ ಮಾತಾಡೋಣ.

ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಪ್ರಶ್ನೆಗಳಿವೆ, ಆದರೆ ತುರ್ತಿನದು ಒಂದೇ. ಪಾಡ್ ಎಲ್ಲಿ ಹೋದವು ಅನ್ನುವುದಕ್ಕಿಂತ, ಆರು ವಾರದಿಂದ ಆ ಮ್ಯಾಂಡರಿನ್ ಏನು ತಿಂದು ಬದುಕಿದೆ ಅನ್ನುವುದು ಮುಖ್ಯ. ಸಮುದ್ರ ಮೀನಿನ ಮರಿಗಳಿಗೆ ಜೀವಂತ ಆಹಾರ ಬೆಳೆಸುವುದೇ ನನ್ನ ಕೆಲಸ. ಟಿಗ್ರಿಯೋಪಸ್ ತುಂಬಿದ ಡಬ್ಬಗಳು ದಿನಾ ನನ್ನ ಕಣ್ಣೆದುರು ಇರುತ್ತವೆ. ಹಾಗಾಗಿ ಈ ಹುಳದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಅದರ ಸ್ವಭಾವ ಗೊತ್ತಾದರೆ ನಿಮ್ಮ ಟ್ಯಾಂಕಿನಲ್ಲಿ ಏನಾಯಿತು ಅನ್ನುವುದು ತಾನಾಗಿ ತಿಳಿಯುತ್ತದೆ.

ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ನಾರು ಹುಣ್ಣು ಕೋಪೆಪಾಡ್‌ನಿಂದ ಬರುತ್ತಿದ್ದದ್ದು ನಿಜ. ಮೆಟ್ಟಿಲು ಬಾವಿಗಳ ಸಿಹಿನೀರಿನಲ್ಲಿ ಸೈಕ್ಲೋಪ್ಸ್ ಎಂಬ ಕೋಪೆಪಾಡ್ ಇರುತ್ತದೆ. ನಾರು ಹುಳದ ಮರಿ ಅದರ ಹೊಟ್ಟೆ ಸೇರುತ್ತಿತ್ತು. ಆ ನೀರನ್ನು ಸೋಸದೆ ಕುಡಿದವರ ದೇಹದೊಳಗೆ ಹುಳ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಹುಣ್ಣಾಗಿ ಹೊರಬರುತ್ತಿತ್ತು. ಕರ್ನಾಟಕವೂ ಈ ರೋಗದ ರಾಜ್ಯಗಳಲ್ಲಿ ಒಂದಾಗಿತ್ತು. ನಿಮ್ಮ ಅಮ್ಮನ ವಯಸ್ಸಿನವರು ಅದನ್ನು ಕಣ್ಣಾರೆ ಕಂಡಿರಬಹುದು. ಬಾವಿಗಳಿಗೆ ಔಷಧಿ ಹಾಕಿ, ಮೆಟ್ಟಿಲಿಳಿದು ನೀರಿಗೆ ಕಾಲಿಡುವುದನ್ನು ತಪ್ಪಿಸಿ, ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೆ ಕಲಿಸಿ ಅದನ್ನು ಓಡಿಸಿದರು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಣ್ಣಿನಿಂದ ಮುಕ್ತ ಎಂದು ಘೋಷಿಸಿತು.

ನಿಮ್ಮ ಟ್ಯಾಂಕಿನ ಹುಳ ಆ ಸೈಕ್ಲೋಪ್ಸ್‌ನ ದೂರದ ನೆಂಟ, ಅಷ್ಟೇ. ಇದು ಉಪ್ಪುನೀರಿನದು. ನಾರು ಹುಳದ ಜೀವನಚಕ್ರ ಸಿಹಿನೀರು ಬಿಟ್ಟು ನಡೆಯುವುದಿಲ್ಲ, ಮೇಲಾಗಿ ರೋಗ ಬರುವುದು ಆ ನೀರು ಕುಡಿದರೆ, ಕೈ ಅದ್ದಿದರೆ ಅಲ್ಲ. ಇದನ್ನು ಅಮ್ಮನಿಗೆ ಧೈರ್ಯವಾಗಿ ಹೇಳಿ. ಆದರೆ ಮಗು ಕೈ ಹಾಕುವುದು ಬೇಡ ಅನ್ನುವ ಮಾತು ಬೇರೆ ಕಾರಣಕ್ಕೆ ಸರಿ. ಮೆದು ಹವಳ ಎಂದಿರಿ, ಅದರಲ್ಲಿ ಜೊಆಂಥಿಡ್ ಎಂಬ ಬಗೆ ಇದ್ದರೆ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕೈಯಲ್ಲಿ ಗಾಯ ಇದ್ದರೆ ಟ್ಯಾಂಕಿನ ನೀರಿನ ಕೆಲವು ಬ್ಯಾಕ್ಟೀರಿಯಾ ಚರ್ಮಕ್ಕೆ ಅಂಟಿ ತಿಂಗಳುಗಟ್ಟಲೆ ವಾಸಿಯಾಗದ ಗಂಟು ಎಬ್ಬಿಸುತ್ತವೆ. ಗಾಯವಿದ್ದಾಗ ಯಾರೂ ಕೈ ಹಾಕಬೇಡಿ, ಹಾಕಬೇಕಾದರೆ ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಹುಳಗಳಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಗಾಜಿನ ಮೇಲಿನ ಬಿಳಿ ಚುಕ್ಕಿಗಳು. ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ನೋಡಿ. ತಲೆಯ ಕಡೆ ಅಗಲ, ಬಾಲದ ಕಡೆ ಚೂಪು, ಕಣ್ಣೀರ ಹನಿಯ ಆಕಾರ ಇದ್ದು, ಸ್ವಲ್ಪ ದೂರ ಹರಿದು ಥಟ್ಟನೆ ನೆಗೆದರೆ ಅದು ಕೋಪೆಪಾಡ್. ಸರಿಯಾಗಿ ಬೆಳಕು ಬಿದ್ದರೆ ತಲೆಯ ನಡುವೆ ಒಂದೇ ಒಂದು ಕೆಂಪು ಕಣ್ಣಿನ ಚುಕ್ಕಿ, ಹಿಂದೆ ಎರಡು ಕೂದಲಿನಂಥ ಬಾಲ ಕಾಣುತ್ತವೆ. ನೆಗೆಯದೆ ನುಣ್ಣಗೆ ಜಾರುತ್ತಾ ಹೋಗುವ ಚಪ್ಪಟೆ ಹುಳ ಆದರೆ ಅದು ಬೇರೆ, ಫ್ಲಾಟ್‌ವರ್ಮ್. ಬಿಳಿ ಚುಕ್ಕಿ ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಕಂಡರೆ ಅದು ಇಕ್ ರೋಗ. ಗಾಜಿನ ಮೇಲಿನ ಹುಳ ಮೀನಿಗೆ ಹತ್ತಿ ಆ ರೋಗ ಬರುತ್ತದೆ ಎಂದು ಸುಮಾರು ಜನ ಗಾಬರಿಯಾಗುತ್ತಾರೆ. ಇಕ್ ಬರುವುದು ಒಂದು ಏಕಕೋಶ ಜೀವಿಯಿಂದ. ಕೋಪೆಪಾಡ್‌ಗೂ ಅದಕ್ಕೂ ನಂಟಿಲ್ಲ.

ನಿಮ್ಮ ವಿವರಣೆ ನೋಡಿದರೆ ಅವು ಲೈವ್ ರಾಕ್, ಅಂದರೆ ಜೀವಿಗಳು ತುಂಬಿದ ಕಡಲ ಕಲ್ಲಿನ ಜೊತೆ ಬಂದ ಟಿಸ್ಬೆಯಂಥ ಸಣ್ಣ ಕೋಪೆಪಾಡ್‌ಗಳೇ ಇರಬೇಕು. ಗಾಜಿನ ಮೇಲಿನ ಪಾಚಿ ಪೊರೆ, ಬ್ಯಾಕ್ಟೀರಿಯಾ, ಉಳಿದುಹೋದ ಊಟದ ಚೂರು ತಿಂದು ಬದುಕುತ್ತವೆ. ಹವಳಕ್ಕೆ ಏನೂ ಮಾಡುವುದಿಲ್ಲ. ಹವಳಕ್ಕೆ ತೊಂದರೆ ಕೊಡುವ ಕೋಪೆಪಾಡ್ ಇಲ್ಲವೇ ಇಲ್ಲ ಅಂತಲ್ಲ. ಅಕ್ರೋಪೋರಾ ಎಂಬ ಗಟ್ಟಿ ಹವಳದ ಮೇಲೆ ಕೂರುವ ರೆಡ್ ಬಗ್ ಕೂಡ ಕೋಪೆಪಾಡ್‌ನ ಒಂದು ಜಾತಿ. ಅದು ಹಳದಿ ಮೈ, ನಡುವೆ ಕೆಂಪು ಚುಕ್ಕಿ, ಅರ್ಧ ಮಿಲಿಮೀಟರ್ ಗಾತ್ರ, ಹವಳ ಬಿಟ್ಟು ಕದಲುವುದಿಲ್ಲ. ನಿಮ್ಮಲ್ಲಿ ಅಕ್ರೋಪೋರಾ ಇಲ್ಲ, ಆ ಚಿಂತೆ ಬಿಡಿ. ಆ ರೆಡ್ ಬಗ್‌ಗೆ ಅಂತ ಕೆಲವರು ನಾಯಿಗಳ ಹಾರ್ಟ್‌ವರ್ಮ್ ಮಾತ್ರೆ, ಅಂದರೆ ಮಿಲ್ಬೆಮೈಸಿನ್ ಇರುವ ಮಾತ್ರೆ ಪುಡಿ ಮಾಡಿ ಟ್ಯಾಂಕಿಗೆ ಹಾಕುತ್ತಾರೆ. ನಿಮಗೆ ಯಾರಾದರೂ ಹೇಳಿದ ಔಷಧಿ ಅದೇ ಆಗಿದ್ದರೆ ಖಂಡಿತ ಬೇಡ. ಅದು ಒಳ್ಳೆಯ ಪಾಡ್, ಕೆಟ್ಟ ಪಾಡ್ ಅಂತ ನೋಡುವುದಿಲ್ಲ. ಸೀಗಡಿ, ಏಡಿಯೂ ಹೋಗುತ್ತವೆ. ತಾಮ್ರದ ಔಷಧಿಯೂ ಹಾಗೆಯೇ, ಅದರ ಮೇಲೆ ಹವಳಕ್ಕೂ ಕಂಟಕ. ನಿಮ್ಮ ಮ್ಯಾಂಡರಿನ್‌ಗೆ ಸದ್ಯಕ್ಕೆ ಉಳಿದಿರುವ ಊಟವೇ ಆ ಬಿಳಿ ಚುಕ್ಕಿಗಳು. ಅದನ್ನು ನೀವೇ ಕೊಂದರೆ ಏನು ಉಳಿಯಿತು?

ಈಗ ಕೆಂಪು ಪಾಡ್‌ಗೆ ಬರೋಣ.

ಟಿಗ್ರಿಯೋಪಸ್ ಕ್ಯಾಲಿಫೋರ್ನಿಕಸ್ ನಿಮ್ಮ ಊರಿನ ಕಡಲಿನದೇ. ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿದ ಹುಳಗಳನ್ನು ನೋಡಿ 1912ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾವರೆಗೆ ಪೆಸಿಫಿಕ್ ಕರಾವಳಿಯ ಬಂಡೆಗಳಲ್ಲಿ ಬದುಕುತ್ತದೆ. ಆದರೆ ಸಮುದ್ರದಲ್ಲಿ ಅಲ್ಲ. ಭರತದ ನೀರು ದಿನಾ ಮುಟ್ಟುವ ಜಾಗವನ್ನೂ ದಾಟಿ, ಬಂಡೆಯ ತೀರಾ ಮೇಲೆ, ದೊಡ್ಡ ಅಲೆ ಬಡಿದಾಗ ಮಾತ್ರ ಹನಿ ಹಾರಿ ತುಂಬುವ ಹೊಂಡಗಳಲ್ಲಿ. ಅಂಥ ಹೊಂಡದಲ್ಲಿ ನೀರು ಕೆಲವು ಸಲ ವಾರಗಟ್ಟಲೆ ಬದಲಾಗುವುದಿಲ್ಲ. ಬಿಸಿಲಿಗೆ ಆವಿಯಾಗಿ ಸಮುದ್ರಕ್ಕಿಂತ ಉಪ್ಪಾಗುತ್ತದೆ, ಮಳೆ ಬಂದರೆ ಅರ್ಧ ಸಿಹಿಯಾಗುತ್ತದೆ. ಮಧ್ಯಾಹ್ನ ಕಾಯುತ್ತದೆ, ರಾತ್ರಿ ಕೊರೆಯುತ್ತದೆ. ಹಗಲು ಪಾಚಿ ಆಮ್ಲಜನಕ ತುಂಬುತ್ತದೆ, ರಾತ್ರಿ ಅದೇ ಪಾಚಿ ಎಲ್ಲವನ್ನೂ ಹೀರಿಬಿಡುತ್ತದೆ.

ಇಂಥ ಜಾಗದಲ್ಲಿ ಮೀನು ಬದುಕುವುದಿಲ್ಲ. ಟಿಗ್ರಿಯೋಪಸ್ ಬದುಕುತ್ತದೆ. ಆಮ್ಲಜನಕ ಕಡಿಮೆಯಾದಾಗ ನಮ್ಮಂಥ ಪ್ರಾಣಿಗಳ ಜೀವಕೋಶಗಳು ಎಚ್ಚರಗೊಂಡು ಹೊಂದಿಕೊಳ್ಳಲು ಬಳಸುವ ಒಂದು ಮುಖ್ಯ ವ್ಯವಸ್ಥೆ ಇದೆ, ಅದನ್ನು ಎಚ್‌ಐಎಫ್ ಎನ್ನುತ್ತಾರೆ. ಈ ಹುಳದಲ್ಲಿ ಅದು ಕಳೆದೇ ಹೋಗಿದೆ ಎಂದು 2019ರಲ್ಲಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಆ್ಯಲಿ ಗ್ರಹಾಂ ಮತ್ತು ಫೆಲಿಪೆ ಬರೆಟೊ ತೋರಿಸಿದರು. ಅದಿಲ್ಲದೆಯೇ ಇದು ಆಮ್ಲಜನಕ ಇಲ್ಲದ ರಾತ್ರಿಗಳನ್ನು ಕಳೆಯುತ್ತದೆ. ಒಂದು ಮಿಲಿಮೀಟರ್‌ಗಿಂತ ಚೂರು ದೊಡ್ಡ ಮೈಯೊಳಗೆ ಇಷ್ಟೆಲ್ಲ ಇದೆ ಅಂದರೆ ನನಗೆ ಈಗಲೂ ಬೆರಗು.

ಈ ಗಟ್ಟಿತನವೇ ಇದನ್ನು ಬಾಟಲಿಯ ಸರಕನ್ನಾಗಿ ಮಾಡಿರುವುದು. ಮುಚ್ಚಿದ ಬಾಟಲಿಯಲ್ಲಿ, ಕೊರಿಯರ್ ಗಾಡಿಯಲ್ಲಿ, ಅಂಗಡಿಯ ಫ್ರಿಜ್‌ನಲ್ಲಿ ದಿನಗಟ್ಟಲೆ ಇಟ್ಟರೂ ಸಾಯುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೊಡ್ಡದು, ಕೆಂಪು ಬಣ್ಣ, ಚುರುಕಾಗಿ ಈಜುತ್ತದೆ, ಕೊಳ್ಳುವವರಿಗೆ ಖುಷಿ. ಬಾಟಲಿಯಲ್ಲಿ ಉಳಿಯುತ್ತದೆ ಅಂದ ಮಾತ್ರಕ್ಕೆ ರೀಫ್ ಟ್ಯಾಂಕಿನಲ್ಲಿ ನೆಲೆಸುತ್ತದೆ ಅಂತಲ್ಲ. ಎಡವಟ್ಟಾಗುವುದು ಇಲ್ಲೇ.

ಬೆಚ್ಚಗಿನ ನೀರಿಗೆ ಸತ್ತವು ಎಂಬ ಮಾತು ಸರಿಯಲ್ಲ. ನಿಮ್ಮ ಟ್ಯಾಂಕು 25-26 ಡಿಗ್ರಿ ಇರಬಹುದು. ಬಿಸಿಲಿನ ಹೊಂಡ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಅದರಲ್ಲೂ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಇವು ಸತ್ತದ್ದು ಬಾಯಿಗೆ ಸಿಕ್ಕಿ. ಮೇಗನ್ ಡೆತಿಯರ್ ಎಂಬ ವಿಜ್ಞಾನಿ 1980ರಲ್ಲಿ ಇದೇ ಹುಳದ ಬಗ್ಗೆ ಒಂದು ಒಳ್ಳೆಯ ಅಧ್ಯಯನ ಪ್ರಕಟಿಸಿದರು. ಟಿಗ್ರಿಯೋಪಸ್ ಮೇಲಿನ ಹೊಂಡಗಳಲ್ಲಿ ಮಾತ್ರ ಯಾಕೆ ಇದೆ, ಕೆಳಗಿನ ಹೊಂಡಗಳಲ್ಲಿ ಯಾಕಿಲ್ಲ ಎನ್ನುವುದು ಪ್ರಶ್ನೆ. ಅವರ ಉತ್ತರ: ಕೆಳಗಿನ ಹೊಂಡಗಳ ನೀರೇನೋ ಚೆನ್ನಾಗಿದೆ, ಆದರೆ ಅಲ್ಲಿ ಬೇಟೆಗಾರರಿದ್ದಾರೆ. ಮೇಲಿನ ಹೊಂಡ ಈ ಹುಳಕ್ಕೆ ಆಸರೆ. ಕಲ್ಲಿನ ಸಂದಿಗೆ ನುಗ್ಗಿ ಬಚ್ಚಿಟ್ಟುಕೊಳ್ಳುವ ಅಭ್ಯಾಸ ಇದಕ್ಕೆ ಇಲ್ಲವೇ ಇಲ್ಲ ಅನ್ನಬಹುದು. ನಡುನೀರಿನಲ್ಲಿ ಕೆಂಪಗೆ ಕುಣಿಯುತ್ತಿರುತ್ತದೆ.

ನಿಮ್ಮ ಟ್ಯಾಂಕು ಅಂದರೆ ಆ ಕೆಳಗಿನ ಹೊಂಡ. ಸಿಕ್ಸ್‌ಲೈನ್ ರಾಸ್ ಒಂದೇ ಸಾಕು, ಇಡೀ ದಿನ ಕಲ್ಲಿನ ಮೇಲೆ ಪಾಡ್ ಹುಡುಕುವುದೇ ಅದರ ಕೆಲಸ. ಕ್ಲೌನ್ ಮೀನುಗಳೂ ಎದುರಿಗೆ ಈಜುವ ಕೆಂಪು ಹುಳವನ್ನು ಬಿಡುವುದಿಲ್ಲ. ಉಳಿದವು ನೀರು ಸೋಸುವ ಚೀಲ, ಅಂದರೆ ಫಿಲ್ಟರ್ ಸಾಕ್‌ಗೆ ಸಿಕ್ಕಿಹಾಕಿಕೊಳ್ಳುತ್ತವೆ, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಕೆಲವನ್ನು ಎಳೆದುಕೊಳ್ಳುತ್ತದೆ. ನೀವು ಹಗಲಲ್ಲಿ, ದೀಪ ಉರಿಯುತ್ತಿರುವಾಗ ಸುರಿದಿದ್ದರೆ ಮೂರು ದಿನವೂ ಬೇಕಾಗಿರಲಿಲ್ಲ. ಮ್ಯಾಂಡರಿನ್ ಪಾಲಿಗೆ ಬಂದದ್ದು ತೀರಾ ಕಡಿಮೆ, ಯಾಕೆಂದರೆ ಅದು ಅಟ್ಟಿಸಿಕೊಂಡು ಹೋಗಿ ತಿನ್ನುವ ಮೀನಲ್ಲ. ಹಿತ್ತಲಲ್ಲಿ ಕೋಳಿ ಕೆದಕಿ ಕೆದಕಿ ಹೆಕ್ಕುವ ಹಾಗೆ ಬೆಳಗಿನಿಂದ ಸಂಜೆವರೆಗೆ ಒಂದೊಂದೇ ಹೆಕ್ಕುತ್ತದೆ. ಒಂದು ಹೊತ್ತಿನ ಭರ್ಜರಿ ಊಟ ಅದಕ್ಕೆ ಆಗಿಬರುವುದಿಲ್ಲ. ಹೊಟ್ಟೆ ಚಿಕ್ಕದು, ಬೇಗ ಖಾಲಿಯಾಗುತ್ತದೆ, ಮತ್ತೆ ಬೇಕು.

ಅದಕ್ಕೇ ಇವತ್ತು ಸಂಜೆ ಒಂದು ಕೆಲಸ ಮಾಡಿ. ಮ್ಯಾಂಡರಿನ್ ಗಾಜಿನ ಹತ್ತಿರ ಬಂದಾಗ ಪಕ್ಕದಿಂದಲೂ ಮೇಲಿನಿಂದಲೂ ನೋಡಿ. ಹೊಟ್ಟೆ ತುಂಬಿಕೊಂಡಿದೆಯಾ, ಒಳಗೆ ಹೋಗಿದೆಯಾ? ತಲೆಯ ಹಿಂದೆ ಬೆನ್ನಿನ ಮಾಂಸ ಇಳಿದು ಮೂಳೆಯ ಅಂಚು ಕಾಣುತ್ತಿದೆಯಾ? ಮೇಲಿನಿಂದ ನೋಡಿದಾಗ ತಲೆ ಅಗಲವಾಗಿ ಮೈ ಕಡ್ಡಿಯಂತಿದ್ದರೆ ಮೀನು ಹಸಿವಿನಲ್ಲಿ ಸಾಯುತ್ತಿದೆ. ಬಣ್ಣ ಚೆನ್ನಾಗಿದೆ, ಓಡಾಡುತ್ತಿದೆ ಅಂತ ಮೋಸ ಹೋಗಬೇಡಿ. ಹೀಗೆ ಒಣಗುತ್ತಲೇ ತಿಂಗಳು ಎರಡು ತಿಂಗಳು ಚಂದವಾಗಿ ಕಾಣುತ್ತಾ ಇದ್ದು, ಒಂದು ಬೆಳಗ್ಗೆ ಹೋಗಿಬಿಟ್ಟ ಮ್ಯಾಂಡರಿನ್‌ಗಳ ಕಥೆ ನನ್ನ ಹತ್ತಿರ ಬರುವ ಪತ್ರಗಳಲ್ಲಿ ತುಂಬಾ ಇವೆ.

ಮೈ ಕಡ್ಡಿಯಾಗಿದ್ದರೆ ನನ್ನ ಸಲಹೆ ನೇರವಾದದ್ದು: ಮೀನನ್ನು ಅಂಗಡಿಗೆ ವಾಪಸ್ ಕೊಡಿ ಅಥವಾ ದೊಡ್ಡ, ಹಳೆಯ ಟ್ಯಾಂಕ್ ಇರುವ ಯಾರಿಗಾದರೂ ಕೊಟ್ಟುಬಿಡಿ. ಮಗಳಿಗೆ ಬೇಜಾರಾಗುತ್ತದೆ, ನಿಜ. ಆದರೆ ಐದು ತಿಂಗಳ ಟ್ಯಾಂಕಿನಲ್ಲಿ, ರಾಸ್ ಜೊತೆ ಪೈಪೋಟಿ ಮಾಡಿಕೊಂಡು, ಅಂಥ ಮೀನು ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆ. ಮುಂದೆ ಬೇಕಾದರೆ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಮ್ಯಾಂಡರಿನ್ ತರಬಹುದು, ಅವು ಚಿಕ್ಕಂದಿನಿಂದ ಫ್ರೋಜನ್ ಆಹಾರ, ಪೆಲೆಟ್ ತಿಂದು ರೂಢಿಯಾಗಿರುತ್ತವೆ. ಬೆಲೆ ಜಾಸ್ತಿ, ಆದರೂ ಅದೇ ಸರಿ. ಅವಕ್ಕೂ ಪಾಡ್ ಇದ್ದರೆ ಒಳ್ಳೆಯದು.

ಹೊಟ್ಟೆ ಇನ್ನೂ ತುಂಬಿಕೊಂಡಿದ್ದರೆ ನಿಮಗೆ ಸಮಯ ಇದೆ ಅಂತ ಅರ್ಥ. ಗಾಜಿನ ಮೇಲಿನ ಬಿಳಿ ಪಾಡ್‌ಗಳು ಅದನ್ನು ಸಾಕುತ್ತಿವೆ. ಆಗ ಏನು ಮಾಡಬಹುದು?

ವಾರಕ್ಕೊಂದು ಬಾಟಲಿ ಸುರಿಯುವುದು ಒಂದು ದಾರಿ. ಕೆಲಸ ಮಾಡುತ್ತದೆ, ಆದರೆ ಬೆಳೆಯುವ ಲೆಕ್ಕ ಅಲ್ಲ, ತಿಂಡಿಯ ಲೆಕ್ಕ. ಬಾಟಲಿ ಮುಗಿದ ದಿನ ಊಟ ಮುಗಿಯಿತು. ದುಡ್ಡು ಹೋಗುತ್ತಲೇ ಇರುತ್ತದೆ, ಅರ್ಧಕ್ಕಿಂತ ಹೆಚ್ಚು ರಾಸ್ ಹೊಟ್ಟೆಗೆ. ಮಾಡುವುದಾದರೆ ದೀಪ ಆರಿದ ಮೇಲೆ, ಪಂಪ್‌ಗಳನ್ನು ಅರ್ಧ ಗಂಟೆ ನಿಲ್ಲಿಸಿ, ಸಣ್ಣ ಪೈಪಿನಿಂದ ಕಲ್ಲುಗಳ ಬುಡಕ್ಕೆ ಬಿಡಿ.

ಟ್ಯಾಂಕಿನೊಳಗೇ ಪಾಡ್‌ಗಳ ನೆಲೆ ಕಟ್ಟುವುದು ಎರಡನೆಯ ದಾರಿ. ಇದಕ್ಕೆ ಟಿಗ್ರಿಯೋಪಸ್ ಅಲ್ಲ, ಟಿಸ್ಬೆ ಬೇಕು. ಟಿಸ್ಬೆ ಸಣ್ಣದು, ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ, ಮೀನಿನ ಕಣ್ಣು ತಪ್ಪಿಸಿ ಮರಿ ಮಾಡುತ್ತದೆ. ನೋಡಲು ಏನೂ ಚಂದವಿಲ್ಲ. ಅಂಗಡಿಯಲ್ಲಿ ಬಾಟಲಿ ಹಿಡಿದು ನೋಡಿದರೆ ಖಾಲಿ ನೀರು ಅನ್ನಿಸುತ್ತದೆ. ಆದರೂ ಅದನ್ನೇ ಕೇಳಿ. ಸಂಪ್‌ನಲ್ಲಿ, ಅಂದರೆ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ ಜಾಗವಿದ್ದರೆ ಒಂದು ಭಾಗವನ್ನು ರೆಫ್ಯೂಜಿಯಂ, ಅಂದರೆ ಮೀನಿಲ್ಲದ ಆಸರೆ ಮಾಡಿ ಕೀಟೊ ಪಾಚಿ ಹಾಕಿ, ಟ್ಯಾಂಕಿನ ದೀಪ ಆರಿದಾಗ ಅಲ್ಲಿಯ ದೀಪ ಉರಿಯಲಿ. ಸಂಪ್ ಇಲ್ಲದಿದ್ದರೆ ಕಲ್ಲಿನ ಚೂರುಗಳ ಒಂದು ಗುಡ್ಡೆ ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಮಾಡಿದರೂ ಸಾಕು, ಮೀನಿನ ಬಾಯಿ ಹೋಗದಷ್ಟು ಸಂದಿ ಇರಬೇಕು. ಫಿಲ್ಟರ್ ಸಾಕ್ ಸ್ವಲ್ಪ ದಿನ ತೆಗೆದಿಡಿ. ಗಾಜಿನ ಮುಂಭಾಗ ಮಾತ್ರ ಉಜ್ಜಿ, ಹಿಂಭಾಗದ ಪಾಚಿ ಪೊರೆ ಇರಲಿ. ನೆಲೆ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಎರಡು ಬೇಟೆಗಾರ ಮೀನು ಮೇಯುತ್ತಲೇ ಇರುತ್ತವೆ, ಅದು ಇದರ ಅಪಾಯ. ರಾಸ್ ಅನ್ನು ಬೇರೆ ಕಡೆ ಕಳಿಸುವುದಾದರೆ ಈಗಲೇ ಕಳಿಸಿ. 150 ಲೀಟರಿನಲ್ಲಿ ಸಿಕ್ಸ್‌ಲೈನ್ ಮತ್ತು ಮ್ಯಾಂಡರಿನ್ ಎರಡನ್ನೂ ಪಾಡ್ ಮೇಲೆ ಸಾಕುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಮೂರನೆಯದು ನನ್ನ ಇಷ್ಟದ ದಾರಿ, ಟಿಗ್ರಿಯೋಪಸ್ ಅನ್ನು ಟ್ಯಾಂಕಿನ ಹೊರಗೆ ಬೆಳೆಸುವುದು. ಅದರ ಗಟ್ಟಿತನ ನಿಜವಾಗಿ ಪ್ರಯೋಜನಕ್ಕೆ ಬರುವುದು ಇಲ್ಲೇ. ಮೀನಿಲ್ಲದ ಒಂದು ಡಬ್ಬ ಕೊಟ್ಟರೆ ಅದಕ್ಕೆ ಅದೇ ಮೇಲಿನ ಹೊಂಡ. ಎರಡು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ, ನಾಲ್ಕೈದು ಲೀಟರಿನವು ಸಾಕು. ಒಂದೇ ಡಬ್ಬ ಇಟ್ಟರೆ ಅದು ಕೆಟ್ಟ ದಿನ ಎಲ್ಲವೂ ಕೆಟ್ಟಿತು, ಅದಕ್ಕೇ ಎರಡು. ಹೊಸದಾಗಿ ಕಲಸಿದ ಉಪ್ಪುನೀರು ತುಂಬಿ, ಏರ್ ಪೈಪನ್ನು ಹಾಗೇ ಇಳಿಬಿಡಿ, ತುದಿಗೆ ಕಲ್ಲು ಹಾಕಬೇಡಿ. ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಬಂದರೆ ಸಾಕು. ಸಣ್ಣ ಗುಳ್ಳೆ ಮರಿಗಳಿಗೆ ಅಂಟಿ ಮೇಲೆತ್ತಿಬಿಡುತ್ತದೆ. ಹೀಟರ್ ಬೇಡ, ಮನೆಯ 20 ಡಿಗ್ರಿ ಆಸುಪಾಸಿನ ಬಿಸಿ ಸಾಕು. ಬಾಟಲಿಯಲ್ಲಿ ಸಿಗುವ ಫೈಟೊಪ್ಲಾಂಕ್ಟನ್ ಪಾಚಿಯನ್ನು ನೀರು ತೆಳು ಹಸಿರಾಗುವಷ್ಟು ಹಾಕಿ. ಟೆಟ್ರಾಸೆಲ್ಮಿಸ್, ಐಸೊಕ್ರೈಸಿಸ್ ಇರುವ ಮಿಶ್ರಣ ಸಿಕ್ಕಿದರೆ ಚೆನ್ನ. ನೀರು ತಿಳಿಯಾದ ಮೇಲೆ ಮತ್ತೆ ಹಾಕಿ, ಅದಕ್ಕೆ ಮುಂಚೆ ಬೇಡ. ಡಬ್ಬಗಳು ಕೆಡುವುದು ಹಸಿವಿನಿಂದ ಅಲ್ಲ, ಅತಿಯಾದ ಊಟದಿಂದ. ಮೂಸಿ ನೋಡಿ, ಕಡಲ ವಾಸನೆ ಇದ್ದರೆ ಸರಿ, ಕೊಳೆತ ವಾಸನೆ ಬಂದರೆ ಅವತ್ತೇ ಅರ್ಧ ನೀರು ಬದಲಿಸಿ. ಒಣ ಯೀಸ್ಟ್ ಅಗ್ಗ ಅಂತ ಅದನ್ನೇ ಹಾಕುವವರಿದ್ದಾರೆ. ಹುಳ ಬದುಕುತ್ತದೆ, ಆದರೆ ಬಣ್ಣ ಹೋಗಿ ಪಾರದರ್ಶಕವಾಗುತ್ತದೆ. ಆ ಕೆಂಪು ಅಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯ, ಪಾಚಿಯ ಹಳದಿ ವರ್ಣದ್ರವ್ಯಗಳಿಂದ ಹುಳ ತಾನೇ ಮಾಡಿಕೊಳ್ಳುವುದು. ಡಬ್ಬದ ಹುಳಗಳು ಪೇಲವವಾದರೆ ಪಾಚಿ ಸಾಲುತ್ತಿಲ್ಲ ಎಂದು ತಿಳಿಯಿರಿ. ಮೀನಿಗೆ ಬೇಕಾದ ಒಮೆಗಾ-3 ಕೊಬ್ಬನ್ನು ಇದು ಸ್ವಲ್ಪ ಮಟ್ಟಿಗೆ ತನ್ನ ಮೈಯಲ್ಲೇ ತಯಾರಿಸಬಲ್ಲದು. ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಸೀಗಡಿಯಂಥ ಪುಟ್ಟ ಜೀವಿಯ ಮರಿಗಳಿಗಿಂತ ಇದನ್ನು ನಾನು ಮೇಲಿಡುವುದು ಇದೇ ಕಾರಣಕ್ಕೆ.

ಒಂದು ಹನಿ ನೀರನ್ನು ಬಿಳಿ ತಟ್ಟೆಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿ, ಮಗಳನ್ನೂ ಪಕ್ಕ ಕೂರಿಸಿಕೊಳ್ಳಿ. ಎರಡೆರಡು ಹುಳ ಒಂದಕ್ಕೊಂದು ಅಂಟಿಕೊಂಡು ಈಜುತ್ತಿರುವುದು ಕಾಣುತ್ತದೆ. ಒಂದನ್ನೊಂದು ತಿನ್ನುತ್ತಿಲ್ಲ. ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣನ್ನು ಗಂಡು ತನ್ನ ಮೀಸೆಯಿಂದ ಹಿಡಿದುಕೊಂಡು ಅದು ಬೆಳೆಯುವವರೆಗೆ ದಿನಗಟ್ಟಲೆ ಬಿಡದೆ ಕಾಯುತ್ತದೆ, ಯಾಕೆಂದರೆ ಹೆಣ್ಣು ಕೂಡುವುದು ಒಂದೇ ಸಲ. ಆ ಒಂದು ಸಲದ ವೀರ್ಯವನ್ನು ಇಟ್ಟುಕೊಂಡು ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಹೆಣ್ಣಿನ ಬಾಲದ ಬುಡದಲ್ಲಿ ಒಂದು ಚೀಲ ಜೋತಾಡುತ್ತಿರುತ್ತದೆ. ಮೊದಲು ಕಪ್ಪು ಹಸಿರು, ಒಡೆಯುವ ಹೊತ್ತಿಗೆ ಕೆಂಪಗೆ ಆಗುತ್ತದೆ. ಕೆಂಪು ಚೀಲದ ಹೆಣ್ಣುಗಳು ತುಂಬಾ ಕಂಡರೆ ಒಂದೆರಡು ದಿನದಲ್ಲಿ ಡಬ್ಬದ ತುಂಬ ಮರಿ. ಮೊಟ್ಟೆಯಿಂದ ದೊಡ್ಡದಾಗಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಅಷ್ಟು ದಿನ ಡಬ್ಬಕ್ಕೆ ಕೈ ಹಾಕಬೇಡಿ. ಆಮೇಲೆ ದಿನ ಬಿಟ್ಟು ದಿನ ಸ್ವಲ್ಪ ನೀರನ್ನು ಸಣ್ಣ ಜರಡಿಯಲ್ಲಿ ಸೋಸಿ, ಹುಳಗಳನ್ನು ರಾತ್ರಿ ಹೊತ್ತು ಮ್ಯಾಂಡರಿನ್ ಮಲಗುವ ಜಾಗದ ಹತ್ತಿರ ಬಿಡಿ. ತಿಂಗಳಿಗೆ ಬೇಕಾದಷ್ಟು ಸಿಗುತ್ತಾ? ಟಿಸ್ಬೆ ನೆಲೆಯ ಜೊತೆಗೆ ಸೇರಿದರೆ ಸಿಗುತ್ತದೆ. ಇದೊಂದನ್ನೇ ನಂಬಿದರೆ ಸಿಗುವುದಿಲ್ಲ.

ಇದೆಲ್ಲದರ ಜೊತೆಗೆ ಫ್ರೋಜನ್ ಆಹಾರ ಕಲಿಸಲು ಪ್ರಯತ್ನ ಪಡಿ. ಒಂದು ಚಿಕ್ಕ ಗಾಜಿನ ಜಾಡಿಯನ್ನು ಅಡ್ಡ ಮಲಗಿಸಿ, ಒಳಗೆ ಮೀನಿನ ಮೊಟ್ಟೆ ಅಥವಾ ಸಣ್ಣ ಆರ್ಟೀಮಿಯಾ ಹಾಕಿದರೆ ನಿಧಾನವಾಗಿ ತಿನ್ನುವ ಮ್ಯಾಂಡರಿನ್‌ಗೆ ಅನುಕೂಲ. ಕೆಲವು ಕಲಿಯುತ್ತವೆ, ಕೆಲವು ಎಂದಿಗೂ ಕಲಿಯುವುದಿಲ್ಲ. ಮೊದಲೇ ಹೇಳಲು ಬರುವುದಿಲ್ಲ.

ಕಡಲಿಂದ ಬಕೆಟ್ ತರುವ ವಿಷಯ. ದಯವಿಟ್ಟು ತರಬೇಡಿ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಬಂಡೆ ಹೊಂಡಗಳ ಪ್ರಾಣಿಗಳನ್ನು ಹಿಡಿಯುವಂತಿಲ್ಲ. ಪಟ್ಟಿಯಲ್ಲಿ ಹೆಸರಿಸಿದ ಕೆಲವಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಫಿಶಿಂಗ್ ಲೈಸೆನ್ಸ್ ಬೇಕು. ನಿಮಗೆ ಹತ್ತಿರದ ಮಾಸ್ ಬೀಚ್‌ನ ಫಿಟ್ಸ್‌ಜೆರಾಲ್ಡ್ ಮರೀನ್ ರಿಸರ್ವ್‌ನಂಥ ಕಡೆ ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ಜೊತೆಗೆ ನಿಮ್ಮ ಟ್ಯಾಂಕಿನ ದೃಷ್ಟಿಯಿಂದಲೂ ನಷ್ಟವೇ. ಹೊಂಡದ ನೀರಿನಲ್ಲಿ ಹಕ್ಕಿಗಳ ಹಿಕ್ಕೆ ಇರುತ್ತದೆ, ಗೊತ್ತಿಲ್ಲದ ಪಾಚಿ, ಪರಾವಲಂಬಿ ಹುಳ ಎಲ್ಲ ಜೊತೆಗೆ ಬರುತ್ತವೆ. ಬಾಟಲಿ ಹುಳಕ್ಕಿಂತ ಹೊಂಡದ ಹುಳ ರಾಸ್ ಬಾಯಿಂದ ತಪ್ಪಿಸಿಕೊಳ್ಳುವುದೂ ಇಲ್ಲ. ನೋಡಲು ಮಾತ್ರ ಖಂಡಿತ ಹೋಗಿ. ಇಳಿತದ ಹೊತ್ತಿಗೆ, ಅಲೆಗೆ ಬೆನ್ನು ಹಾಕದೆ, ಬಂಡೆಯ ಮೇಲಿನ ಹೊಂಡಗಳ ಪಕ್ಕ ಕೂತು ಸ್ವಲ್ಪ ಹೊತ್ತು ದಿಟ್ಟಿಸಿದರೆ ಕೆಂಪು ಚುಕ್ಕಿಗಳು ಓಡಾಡುವುದು ಬರಿಗಣ್ಣಿಗೆ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಉಲ್ಟಾ ದಾರಿ, ಅಂದರೆ ನಿಮ್ಮ ಡಬ್ಬದ ಹುಳ ಕಡಲು ಸೇರುವುದು. ಇದು ಇಲ್ಲಿಯದೇ ಹುಳ ತಾನೇ, ಹೆಚ್ಚಾದದ್ದನ್ನು ಹೊಂಡಕ್ಕೆ ಬಿಟ್ಟರೆ ಪುಣ್ಯ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಈ ಹುಳಗಳು ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಹೋಗುವುದು ಬಹಳ ಅಪರೂಪ. ಕೆಲವೇ ಕಿಲೋಮೀಟರ್ ದೂರದ ಬಂಡೆಗಳ ಹುಳಗಳಲ್ಲೂ ಡಿಎನ್‌ಎ ಬೇರೆ ಬೇರೆಯಾಗಿ ಹೋಗಿದೆ. ಲಾ ಹೋಯಾದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ರಾನ್ ಬರ್ಟನ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದ್ದಾರೆ. ಸ್ಯಾನ್ ಡಿಯೇಗೊದ ಹುಳವನ್ನು ಸಾಂತಾ ಕ್ರೂಜ್‌ನ ಹುಳದ ಜೊತೆ ಕೂಡಿಸಿದರೆ ಮೊದಲ ತಲೆಮಾರು ಚೆನ್ನಾಗಿರುತ್ತದೆ. ಅದರ ಮುಂದಿನ ತಲೆಮಾರುಗಳು ಸೊರಗುತ್ತವೆ. ಮರಿ ಕಡಿಮೆ, ಬೆಳವಣಿಗೆ ನಿಧಾನ. ತಾಯಿಯಿಂದ ಬಂದ, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಕ್ಕೂ ಮಿಶ್ರವಾದ ಉಳಿದ ಜೀನ್‌ಗಳಿಗೂ ಹೊಂದಾಣಿಕೆ ತಪ್ಪುವುದು ಕಾರಣ. ಸೊರಗಿದ ಮಿಶ್ರ ಹುಳಗಳನ್ನು ಮತ್ತೆ ತಾಯಿ ಕಡೆಯ ಊರಿನ ಹುಳಗಳ ಜೊತೆ ಕೂಡಿಸಿದಾಗ ಮರಿಗಳು ಚೇತರಿಸಿಕೊಂಡವು, ತಂದೆ ಕಡೆಯವುಗಳ ಜೊತೆ ಕೂಡಿಸಿದಾಗ ಇಲ್ಲ.

ನಿಮ್ಮ ಬಾಟಲಿಯ ಹುಳದ ಮೂಲ ಯಾವ ಬಂಡೆ ಅಂತ ಲೇಬಲ್ ಮೇಲೆ ಬರೆದಿರುವುದಿಲ್ಲ. ಅದನ್ನು ಇಲ್ಲಿಯ ಪೆಸ್ಕಡೆರೊ ಕರಾವಳಿಯ ಒಂದು ಹೊಂಡಕ್ಕೆ ಸುರಿದರೆ ಸಾವಿರಾರು ವರ್ಷಗಳಿಂದ ಆ ಬಂಡೆಯಲ್ಲೇ ಹೊಂದಿಕೊಂಡು ಬಂದ ಕುಲವನ್ನು ನಾವು ಕೆಡಿಸಿದ ಹಾಗೆ. ಹಾಗಾಗಿ ಡಬ್ಬದ ನೀರು ಬದಲಿಸುವಾಗ ಹಳೆಯ ನೀರನ್ನು ಬಕೆಟ್‌ಗೆ ಹಾಕಿ, ಕುದಿಯುವ ನೀರು ಸುರಿದು ಹುಳಗಳು ಕದಲುವುದು ನಿಂತ ಮೇಲೆ ಸಿಂಕ್‌ಗೆ ಬಿಡಿ. ಬೀದಿ ಬದಿಯ ಮಳೆನೀರಿನ ಚರಂಡಿಗೆ ಮಾತ್ರ ಬೇಡ, ಅದು ನೇರ ಕೊಲ್ಲಿಗೆ ಹೋಗುತ್ತದೆ. ಹುಳ ಮಿಕ್ಕಿದ್ದರೆ ಮ್ಯಾಂಡರಿನ್ ಸಾಕುವ ಇನ್ನೊಬ್ಬರಿಗೆ ಕೊಡಿ. ಅವರ ಡಬ್ಬ ಚೆನ್ನಾಗಿ ಓಡಿದರೆ, ನಿಮ್ಮ ಎರಡೂ ಡಬ್ಬ ಕೆಟ್ಟ ದಿನ ಅವರಿಂದ ಒಂದು ಲೋಟ ವಾಪಸ್ ತರಬಹುದು.